ಹೆಬ್ಬಾತಿನ ಗರಿಯ ಜಿಯಾನ್‌ಜಿ: ಬಹಳ ದಿನ ಆಡಿದ ಮೇಲೆ ಬರೆದದ್ದು

ಬೀಜಿಂಗ್‌ಗೆ ಕೆಲಸಕ್ಕೆ ಬಂದ ಮೇಲೆ ನನ್ನ ಬೆಳಗಿನ ವ್ಯಾಯಾಮ ಅಂದರೆ ಜಿಯಾನ್‌ಜಿ. ಗರಿ ಸಿಕ್ಕಿಸಿದ ಬಿಲ್ಲೆಯನ್ನು ನೆಲಕ್ಕೆ ಬೀಳದಂತೆ ಒದೆಯುತ್ತಾ ಇರುವ ಚೀನಾದ ಹಳೆಯ ಆಟ ಇದು. ಕೈ ತಾಗುವಂತಿಲ್ಲ. ಪಾದ, ಮೊಣಕಾಲು, ಎದೆ, ತಲೆ ಯಾವುದಾದರೂ ಸರಿ.

ಅಂಗಡಿಯಲ್ಲಿ ಹಲವು ಬಗೆ ಸಿಗುತ್ತವೆ. ಬಣ್ಣದ ಕೋಳಿಗರಿಯ ಚಿಕ್ಕದು ಒಬ್ಬರೇ ಆಡುವುದಕ್ಕೆ ಸರಿ. ಗುಂಪಿನಲ್ಲಿ ಆಡುವವರು ದೊಡ್ಡದನ್ನೇ ತೆಗೆದುಕೊಳ್ಳಿ. ಅದಕ್ಕೆ ಹೆಬ್ಬಾತಿನ ನಾಲ್ಕು ಉದ್ದ ಗರಿ, ಬುಡದಲ್ಲಿ ಒಂದರ ಮೇಲೊಂದು ಜೋಡಿಸಿದ ರಬ್ಬರ್ ಮತ್ತು ಪ್ಲಾಸ್ಟಿಕ್ ಬಿಲ್ಲೆಗಳು. ಹಿಂದಿನ ಕಾಲದಲ್ಲಿ ಬಿಲ್ಲೆಯ ಬದಲು ನಡುವೆ ತೂತಿರುವ ಕಾಸು ಕಟ್ಟುತ್ತಿದ್ದರು. ಈಗಿನ ಬಿಲ್ಲೆಗಳು ಒದ್ದಾಗ ಟಪ್ ಟಪ್ ಅಂತ ಸದ್ದು ಮಾಡುತ್ತವೆ. ಪೆಟ್ಟು ಸರಿಯಾಗಿ ಕೂತಿತೋ ಇಲ್ಲವೋ ಅಂತ ಆ ಸದ್ದಿನಲ್ಲೇ ಗೊತ್ತಾಗುತ್ತದೆ.

ದೊಡ್ಡ ಗರಿಯಿಂದ ಲಾಭ ಏನೆಂದರೆ, ಅದು ನಿಧಾನವಾಗಿ ಇಳಿಯುತ್ತದೆ. ನೋಡಿ, ಹೆಜ್ಜೆ ಸರಿಪಡಿಸಿಕೊಂಡು ಒದೆಯಲು ಸಮಯ ಸಿಗುತ್ತದೆ. ಟೆಂಪಲ್ ಆಫ್ ಹೆವನ್ ಪಾರ್ಕಿನಲ್ಲಿ ನಿವೃತ್ತರಾದ ಅಜ್ಜ ಅಜ್ಜಿಯರು ವೃತ್ತವಾಗಿ ನಿಂತು ಆಡುತ್ತಾರೆ. ಹೊಸಬರು ಬಂದರೆ ಜಾಗ ಬಿಟ್ಟು ಸೇರಿಸಿಕೊಳ್ಳುತ್ತಾರೆ. ನನ್ನಂಥವರು ಅವರ ಜೊತೆ ಒಂದೇ ಆಟ ಆಡಲು ಸಾಧ್ಯವಾಗಿದ್ದು ಈ ನಿಧಾನದಿಂದಲೇ. ಸ್ಕೋರ್ ಇಲ್ಲ, ಸೋಲು ಗೆಲುವು ಇಲ್ಲ. ಎಲ್ಲರೂ ಸೇರಿ ಅದನ್ನು ಮೇಲೆ ಉಳಿಸಬೇಕು, ಅಷ್ಟೇ. ನನಗೆ ಇದಕ್ಕಿಂತ ಒಳ್ಳೆಯ ಸ್ನೇಹದ ಆಟ ಗೊತ್ತಿಲ್ಲ.

ಬೆವರು ಚೆನ್ನಾಗಿ ಬರುತ್ತದೆ. ಒಂಟಿಕಾಲಲ್ಲಿ ನಿಲ್ಲುವ ಹಿಡಿತ ಬರುತ್ತದೆ. ಪಾದದ ಒಳಬದಿಯಿಂದ ಒದೆಯುವಾಗ ಮೊಣಕಾಲು ಹೊರಗೆ ತಿರುಗಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೆಳೆದ ನಮಗೆ ಈ ತಿರುವು ಬೇಗ ಒಗ್ಗುತ್ತದೆ. ಮೊಣಕಾಲು ನೋವಿದ್ದವರು ಮಾತ್ರ ಮೊದಲು ಡಾಕ್ಟರನ್ನು ಕೇಳಿ.

ಕೊರತೆಗಳೂ ಇವೆ. ಗಾಳಿ ಜೋರಾಗಿದ್ದರೆ ಆಟವೇ ಇಲ್ಲ. ಬೀಜಿಂಗ್‌ನ ವಸಂತದಲ್ಲಿ ಇದು ದೊಡ್ಡ ತೊಂದರೆ. ಚಳಿಗಾಲದಲ್ಲಿ ರಬ್ಬರ್ ಗಟ್ಟಿಯಾಗಿ ಪಾದಕ್ಕೆ ಚುರುಕ್ ಅನ್ನುತ್ತದೆ. ಗರಿ ಒದ್ದೆಯಾದರೆ ಮುದುಡುತ್ತದೆ, ಹಾರಾಟ ಕೆಡುತ್ತದೆ. ದಿನಾ ಆಡಿದರೆ ಅಂಚು ಹರಿದು ಕಡ್ಡಿ ಮುರಿಯುತ್ತದೆ. ಆದರೆ ಬೆಲೆ ಕಡಿಮೆ, ಹಾಗಾಗಿ ಬೇಸರವಿಲ್ಲ.

ಕೊಳ್ಳುವಾಗ ನಾಲ್ಕೂ ಗರಿ ಒಂದೇ ಉದ್ದ ಇವೆಯಾ ನೋಡಿ, ಬುಡ ಹಿಡಿದು ಅಲ್ಲಾಡಿಸಿ. ಬ್ಯಾಡ್ಮಿಂಟನ್ ಕಾಕ್ ಬಳಸೋಣ ಅಂದುಕೊಳ್ಳಬೇಡಿ, ಅದು ತೀರಾ ಹಗುರ, ಒದೆತಕ್ಕೆ ತಾಳುವುದಿಲ್ಲ. ಅಡಿ ಸಪಾಟಾಗಿರುವ, ಒಳಬದಿ ನುಣುಪಾಗಿರುವ ಬಟ್ಟೆ ಶೂ ಸಾಕು. ದಪ್ಪ ಅಡಿಯ ರನ್ನಿಂಗ್ ಶೂನಲ್ಲಿ ಗರಿ ಎತ್ತೆತ್ತಲೋ ಹಾರುತ್ತದೆ.