ನಾಲ್ಕು ಬಗೆಯ ಬೇಲಿ, ಒಂದು ಗೇಟು: ಆರು ವರ್ಷಗಳ ಬಳಕೆಯ ನಂತರದ ವಿಮರ್ಶೆ

ನಮ್ಮ ಹೊಲದ ನಾಲ್ಕು ಬದಿಗಳಿಗೆ ಬೇರೆ ಬೇರೆ ಸಮಯದಲ್ಲಿ, ಆಗ ಕೈಯಲ್ಲಿದ್ದ ಹಣಕ್ಕೆ ತಕ್ಕಂತೆ ಬೇಲಿ ಹಾಕಿಸಿದ್ದೆ. ಹಾಗಾಗಿ ಮುಳ್ಳುತಂತಿ, ಚೈನ್‌ಲಿಂಕ್ ಜಾಲರಿ, ವೆಲ್ಡ್ ಜಾಲರಿ ಮತ್ತು ಗಂಟು ಹಾಕಿ ನೇಯ್ದ ಜಾಲರಿ, ಈ ನಾಲ್ಕನ್ನೂ ಒಂದೇ ಮಳೆ ಬಿಸಿಲಿನಲ್ಲಿ ಹೋಲಿಸಿ ನೋಡುವ ಅವಕಾಶ ಸಿಕ್ಕಿತು. ಆರು ವರ್ಷಗಳಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ಬೇಲಿ ಮೊದಲು ಹಾಳಾಗುವುದು ಒಂದು ತಂತಿ ಇನ್ನೊಂದಕ್ಕೆ ಸೇರುವ ಜಾಗದಲ್ಲಿ. ಯಾವ ಬಗೆಯ ಬೇಲಿ ಎಂಬ ಗುರುತು ಸಿಗುವುದೂ ಅಲ್ಲೇ ಆದ್ದರಿಂದ, ಸುರುಳಿ ಕೊಳ್ಳುವಾಗ ನಾನೀಗ ಮೊದಲು ಕಣ್ಣು ಹಾಯಿಸುವುದು ಆ ಜಾಗದ ಮೇಲೆ.

ಮುಳ್ಳುತಂತಿ ಎಲ್ಲರಿಗೂ ಗೊತ್ತಿರುವುದೇ. ಎರಡು ಎಳೆಗಳನ್ನು ಹುರಿ ಮಾಡಿ, ನಡುನಡುವೆ ಮುಳ್ಳು ಸುತ್ತಿರುತ್ತಾರೆ. ಅಮೆರಿಕದ ಜೋಸೆಫ್ ಗ್ಲಿಡನ್ 1874ರಲ್ಲಿ ಪೇಟೆಂಟ್ ಪಡೆದ ಉಪಾಯದ ತಿರುಳು ಕೂಡ ಇದೇ: ಎರಡನೆಯ ಎಳೆಯನ್ನು ಹೊಸೆದರೆ ಮುಳ್ಳು ಅತ್ತಿತ್ತ ಜಾರದು. ಕೈಗವಸು ಹಾಕಿಕೊಂಡು ಒಂದು ಮುಳ್ಳನ್ನು ಹಿಡಿದು ತಳ್ಳಿ ನೋಡಿದರೆ ಹುರಿ ಬಿಗಿಯಾಗಿದೆಯೋ ಇಲ್ಲವೋ ತಿಳಿದುಬಿಡುತ್ತದೆ. ನಾನು ಐದು ಸಾಲು ಕಟ್ಟಿಸಿದೆ. ದನ ನಿಂತವು, ಆಡಿನ ಮರಿಗಳು ನಿಲ್ಲಲಿಲ್ಲ. ಸಣ್ಣ ಪ್ರಾಣಿಗಳನ್ನು ತಡೆಯಬೇಕಾದ ಕಡೆಗೆ ಇದನ್ನು ನಾನು ಸೂಚಿಸುವುದಿಲ್ಲ.

ತಂತಿಯ ದಪ್ಪದ ವಿಷಯದಲ್ಲಿ ನಾನೊಮ್ಮೆ ಮೋಸ ಹೋದೆ. ಗೇಜಿನ ಅಂಕಿ ಹೆಚ್ಚಾದಷ್ಟೂ ತಂತಿ ತೆಳುವಾಗುತ್ತದೆ: ಸ್ಟ್ಯಾಂಡರ್ಡ್ ವೈರ್ ಗೇಜಿನ ಪ್ರಕಾರ 10 ಗೇಜು ಎಂದರೆ ಸುಮಾರು 3.25 ಮಿ.ಮೀ., 12 ಎಂದರೆ 2.64, 14 ಎಂದರೆ 2.03. ಹನ್ನೆರಡು ಗೇಜು ಎಂದು ಬಿಲ್ಲು ಬರೆದುಕೊಟ್ಟ ಸುರುಳಿಯನ್ನು ಮನೆಗೆ ತಂದು ದಪ್ಪ ಅಳೆಯುವ ವರ್ನಿಯರ್ ಹಿಡಿದಾಗ ಎರಡು ಮಿ.ಮೀ.ಗೆ ಕೂದಲೆಳೆಯಷ್ಟೇ ಹೆಚ್ಚಿತ್ತು. ಅಷ್ಟರಲ್ಲಿ ಅರ್ಧ ಸುರುಳಿ ಬಿಚ್ಚಿಯಾಗಿದ್ದರಿಂದ ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಪಿವಿಸಿ ಹೊದಿಸಿದ ತಂತಿಯಾದರೆ ಇನ್ನೂ ಎಚ್ಚರ ಬೇಕು. ತುದಿಯಲ್ಲಿ ಹೊದಿಕೆಯನ್ನು ಸುಲಿದು, ಒಳಗಿನ ಉಕ್ಕನ್ನು ಮಾತ್ರ ಅಳೆಯಬೇಕು.

ನನಗೆ ಹೆಚ್ಚು ಬೇಸರ ತಂದದ್ದು ವೆಲ್ಡ್ ಜಾಲರಿ. ಕಟ್ಟಿದ ದಿನ ನಾಲ್ಕು ಬದಿಗಳಲ್ಲಿ ಅದರಷ್ಟು ಚೊಕ್ಕವಾಗಿ ಕಂಡದ್ದು ಇನ್ನೊಂದಿಲ್ಲ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅಡ್ಡ ಮತ್ತು ಉದ್ದದ ತಂತಿಗಳು ಕೂಡುವ ಪ್ರತಿಯೊಂದು ಮೂಲೆಯಲ್ಲೂ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಮೂಡಿತು. ನಾಲ್ಕನೆಯ ವರ್ಷ ಹೆಬ್ಬೆರಳಿನಿಂದ ಒತ್ತಿದರೆ ಅಡ್ಡತಂತಿ ಟಿಕ್ಕೆಂದು ಕಳಚಿ ಬರುತ್ತಿತ್ತು. ಕಾರಣ ಸರಳವಾಗಿದೆ. ಸತುವಿನ ಲೇಪವಿದ್ದ ತಂತಿಯನ್ನು ತಂದು ಆಮೇಲೆ ವೆಲ್ಡ್ ಮಾಡಿದ್ದರು, ಆ ಶಾಖಕ್ಕೆ ಕೂಡುವ ಜಾಗದಲ್ಲಿದ್ದ ಸತು ಸುಟ್ಟುಹೋಗಿತ್ತು. ಮೊದಲು ವೆಲ್ಡ್ ಮಾಡಿ, ನಂತರ ಇಡೀ ಜಾಲರಿಯನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿರುವ ಸತುವಿನಲ್ಲಿ ಅದ್ದಿ ತೆಗೆದರೆ ಆ ಮೂಲೆಗಳಲ್ಲೂ ಸತು ತುಂಬಿ ನಿಲ್ಲುತ್ತದೆ, ಬೆರಳಾಡಿಸಿದರೆ ಕೈಗೆ ಸಿಗುತ್ತದೆ. ಹೊಳಪನ್ನು ಮಾತ್ರ ನಂಬಬಾರದು, ತೆಳು ಲೇಪವೂ ಹೊಸದರಲ್ಲಿ ಮಿರಮಿರ ಹೊಳೆಯುತ್ತದೆ. ಚದರ ಮೀಟರಿಗೆ ಎಷ್ಟು ಗ್ರಾಂ ಸತು ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಚೈನ್‌ಲಿಂಕ್‌ನಲ್ಲಿ ಗಂಟೂ ಇಲ್ಲ, ವೆಲ್ಡೂ ಇಲ್ಲ. ಅಂಕುಡೊಂಕಾಗಿ ಬಗ್ಗಿಸಿದ ತಂತಿಗಳು ಒಂದರೊಳಗೊಂದು ಸಿಕ್ಕಿಕೊಂಡು ವಜ್ರಾಕಾರದ ಕಣ್ಣುಗಳಾಗುತ್ತವೆ. ಒಂದು ತಂತಿ ತುಂಡಾದರೆ ಅದನ್ನು ತಿರುಪಿನಂತೆ ತಿರುಗಿಸಿ ಹೊರತೆಗೆದು, ಹೊಸದನ್ನು ಅದೇ ರೀತಿ ತೂರಿಸಬಹುದು. ನಾನೇ ಎರಡು ಸಲ ಮಾಡಿದ್ದೇನೆ. ಆದರೆ ಮೇಲೆ, ನಡುವೆ, ಕೆಳಗೆ ಆಧಾರತಂತಿ ಎಳೆಯದಿದ್ದರೆ ಇದು ಜೋತುಬೀಳುತ್ತದೆ, ಹಂದಿಗಳು ಬುಡವನ್ನು ಸಲೀಸಾಗಿ ಎತ್ತಿ ನುಸುಳುತ್ತವೆ.

ಗಂಟಿನ ಜಾಲರಿಗೇ ನನ್ನ ಪೂರ್ಣ ಅಂಕ. ಇದರಲ್ಲಿ ಎರಡು ಬಗೆ ಉಂಟು. ಒಂದರಲ್ಲಿ ಲಂಬ ತಂತಿಯ ತುಂಡುಗಳನ್ನು ಪ್ರತಿ ಅಡ್ಡತಂತಿಗೂ ಸುತ್ತಿರುತ್ತಾರೆ, ದನ ಒರಗಿದರೆ ಅದು ಕೀಲಿನಂತೆ ಮಡಚಿ ಮತ್ತೆ ಎದ್ದು ನಿಲ್ಲುತ್ತದೆ. ಇನ್ನೊಂದರಲ್ಲಿ ಲಂಬ ತಂತಿ ಮೇಲಿನಿಂದ ಕೆಳಗಿನವರೆಗೆ ಅಖಂಡವಾಗಿದ್ದು, ಮೂರನೆಯ ಸಣ್ಣ ತಂತಿಯೊಂದು ಕೂಡುವ ಜಾಗವನ್ನು ಭದ್ರವಾಗಿ ಬಿಗಿಯುತ್ತದೆ. ಬುಡದ ಕಣ್ಣುಗಳು ಕಿರಿದು, ಮೇಲೆ ಹೋದಂತೆ ದೊಡ್ಡದು. ಅಡ್ಡತಂತಿಗಳಲ್ಲಿ ಅಲ್ಲಲ್ಲಿ ಕಾಣುವ ಸಣ್ಣ ಅಲೆಗಳನ್ನು ಕೊರತೆ ಎಂದು ತಿಳಿಯಬಾರದು, ಅವು ಸ್ಪ್ರಿಂಗಿನ ಕೆಲಸ ಮಾಡುತ್ತವೆ. ಅವು ಪೂರ್ತಿ ನೇರವಾಗುವಷ್ಟು ಎಳೆದು ಕಟ್ಟಿದರೆ ಜಾಲರಿಯ ಜೀವವೇ ಹೋದಂತೆ. ಇಷ್ಟು ಬಿಗಿತವನ್ನು ತಾಳುವುದು ಮೂಲೆಕಂಬ. ಮೊದಲ ವರ್ಷ ನಾನು ಅದಕ್ಕೆ ಓರೆ ಆಸರೆ ಕೊಡದೆ ನಿಲ್ಲಿಸಿ, ಕಂಬ ಒಳಕ್ಕೆ ವಾಲಿ, ಇಡೀ ಸಾಲನ್ನು ಬಿಚ್ಚಿ ಕಟ್ಟಬೇಕಾಯಿತು. ಜಾಲರಿಯನ್ನು ಯಾವಾಗಲೂ ಪ್ರಾಣಿಗಳಿರುವ ಕಡೆಯಿಂದ ಕಂಬಕ್ಕೆ ಕಟ್ಟಬೇಕು, ಆಗ ಅವು ತಳ್ಳಿದ ಭಾರ ಕಂಬದ ಮೇಲೆ ಬೀಳುತ್ತದೆಯೇ ಹೊರತು ಕಟ್ಟಿನ ಮೇಲೆ ಬೀಳುವುದಿಲ್ಲ.

ಬೇಲಿಯಲ್ಲಿ ದಿನಾ ಅಲುಗಾಡುವ ಒಂದೇ ಕೂಡುಜಾಗ ಗೇಟು. ಮನೆಬಾಗಿಲಿಗೆ ಹಾಕುವ ಎಲೆಯಂಥ ಕೀಲುಗಳು ನಮ್ಮ ಪೈಪಿನ ಗೇಟಿನ ಭಾರಕ್ಕೆ ಒಂದು ವರ್ಷವೂ ಬಾಳಲಿಲ್ಲ. ಈಗಿರುವುದು ಕಂಬದಲ್ಲಿ ಎಲ್ ಆಕಾರದ ಗೂಟ, ಗೇಟಿನಲ್ಲಿ ಅದರ ಮೇಲೆ ಕೂರುವ ಬಳೆ. ಗೂಟದ ಹಿಂಬದಿಗೆ ತಿರುಪಿನ ಸುತ್ತು ಮತ್ತು ನಟ್ಟು ಇರುವುದರಿಂದ ಗೇಟು ಜಗ್ಗಿದರೆ ಸ್ಪ್ಯಾನರ್ ಹಾಕಿ ಮೇಲಿನದನ್ನು ಒಳಕ್ಕೆ ಎಳೆದುಕೊಂಡರೆ ಸಾಕು. ಮೇಲಿನ ಗೂಟವನ್ನು ತಲೆಕೆಳಗಾಗಿ ಕೂರಿಸಿದ್ದರಿಂದ ಗೇಟನ್ನು ಯಾರೂ ಎತ್ತಿ ಕಳಚಲಾರರು. ಅಗಲದ ಗೇಟಿಗೆ ಉಕ್ಕಿನ ಹಗ್ಗ ಬಿಗಿಯುವುದಾದರೆ ಕೀಲಿನ ಬದಿಯ ಮೇಲ್ಮೂಲೆಯಿಂದ ಚಿಲಕದ ಬದಿಯ ಕೆಳಮೂಲೆಗೆ ಎಳೆಯಬೇಕು, ತಿರುಗುಮುರುಗಾದರೆ ಪ್ರಯೋಜನವಿಲ್ಲ.

ಚಿಲಕದಲ್ಲಿ ಟವರ್ ಬೋಲ್ಟ್ ನನಗೆ ಹಿಡಿಸಲಿಲ್ಲ, ಗೇಟು ಬೆರಳಗಲ ಜಗ್ಗಿದರೂ ಅದು ತೂತಿಗೆ ಕೂರುವುದಿಲ್ಲ. ಬರಿಯ ಕೊಕ್ಕೆಯನ್ನು ನಮ್ಮ ಎತ್ತು ಕೊಂಬಿನಿಂದ ಎತ್ತುವುದನ್ನು ಕಲಿತಿತು. ಬೀಗ ಹಾಕಲು ಬರುವ ಅಲ್ಡ್ರಾಪ್, ಜೊತೆಗೊಂದು ಸರಪಳಿ, ಇವೆರಡೇ ಇಂದಿಗೂ ನಡೆಯುತ್ತಿವೆ.

ಈ ಬೇಸಿಗೆಯಲ್ಲಿ ವೆಲ್ಡ್ ಜಾಲರಿಯನ್ನು ಬಿಚ್ಚಿಸಿ ಆ ಬದಿಗೂ ಗಂಟಿನ ಜಾಲರಿಯನ್ನೇ ಹಾಕಿಸುತ್ತಿದ್ದೇನೆ. ನಡುವಿನ ಕಂಬಗಳು ಹಾಗೇ ಇರುತ್ತವೆ. ಮೂಲೆಯ ಎರಡನ್ನು ಮಾತ್ರ ಕಿತ್ತು, ಇನ್ನಷ್ಟು ಆಳಕ್ಕೆ, ಓರೆ ಆಸರೆಯೊಂದಿಗೆ ಹೂಳಿಸಲಿದ್ದೇನೆ.