ಮಕ್ಕಳ ಮೊದಲ ಶಿಕಾರಿ: ಅಳಿಲೋ, ಜಿಂಕೆಯೋ?

ಇದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಕ್ಕಳಿಗೆ ಶಿಕಾರಿ ಕಲಿಸಲು ಹೊರಟ ಸ್ವಯಂಸೇವಕರಿಗೆ. (ಭಾರತದಲ್ಲಿ 1972ರ ಕಾಯ್ದೆಯಿಂದ ಶಿಕಾರಿಗೆ ನಿಷೇಧವಿದೆ.) ಅಲ್ಲಿ ಕಲಿಸುವವರಿಗೆ 21 ತುಂಬಿರಬೇಕು, ಲೈಸೆನ್ಸ್ ಇರಬೇಕು. ಚಿಕ್ಕ ಮಕ್ಕಳ ಜೊತೆಗಾದರೆ ಇಬ್ಬರಿಗೂ ಸೇರಿ ಒಂದೇ ಕೋವಿ. ನಡೆಯುವಾಗ ಅದು ಹಿರಿಯರ ಕೈಯಲ್ಲೇ.

ಅಳಿಲು

ಓಕ್ ಮರದ ಬುಡದಲ್ಲಿ 20 ನಿಮಿಷ ಅಲ್ಲಾಡದೆ ಕೂತರೆ ಅಡಗಿದ ಅಳಿಲುಗಳು ತಾವಾಗಿ ಹೊರಬರುತ್ತವೆ. ಬರಲಿಲ್ಲವೇ, ನೂರು ಗಜ ಮುಂದೆ ಹೋಗಿ ಮತ್ತೆ ಕೂರಿ. ಮಗುವಿಗೆ ಬೇಸರವಾಗುವುದಿಲ್ಲ, ಗುರಿ ತಪ್ಪಿದರೂ ಇನ್ನೊಂದು ಅವಕಾಶ ಸಿಗುತ್ತದೆ. 20 ಗೇಜ್ (ನಳಿಗೆಯ ಅಗಲದ ಅಳತೆ) ಕೋವಿ, 6ನೇ ನಂಬರ್ ಚರೆ (ಒಂದೇ ಈಡಿಗೆ ಚದುರಿ ಹಾರುವ ಸಣ್ಣ ಗುಂಡುಗಳು), 25 ಗಜದೊಳಗೆ ಈಡು. ಹಗುರವೆಂದು ಇನ್ನೂ ಸಣ್ಣ ನಳಿಗೆಯ .410 ಕೋವಿ ಕೊಡುವವರಿದ್ದಾರೆ, ಅದರಲ್ಲಿ ಚರೆ ಕಡಿಮೆ, ಅಳಿಲು ಗಾಯಗೊಂಡು ತಪ್ಪಿಸಿಕೊಳ್ಳುತ್ತದೆ. .22 ರೈಫಲ್ ಗುಂಡು ಒಂದು ಮೈಲಿಗೂ ಮಿಕ್ಕಿ ಹಾರಬಲ್ಲದು, ಕೊಂಬೆಯತ್ತ ಎತ್ತಿ ಹೊಡೆಯಲು ಬಿಡಲೇಬೇಡಿ.

ಬಿಳಿಬಾಲದ ಜಿಂಕೆ

ಮರೆಗೂಡಿನಲ್ಲಿ ಎರಡು ಮೂರು ಗಂಟೆ ಕಾಯಬೇಕು. ಮೊದಲು ಸೋಲುವುದು ತಣ್ಣಗಾದ ಪಾದ. .243 ರೈಫಲ್ ಸಾಕು, ಆದರೆ ದೊಡ್ಡವರ ಅಳತೆಯ ಕೋವಿ ಬೇಡ: ಹಿಡಿ ಉದ್ದವಾದರೆ ಮಗು ಕತ್ತು ಚಾಚುತ್ತದೆ, ಕೋವಿ ಒದ್ದಾಗ ಅದರ ಮೇಲಿನ ದುರ್ಬೀನು ಬಡಿದು ಹುಬ್ಬು ಸೀಳಬಹುದು. ಕೋವಿಯನ್ನು ಊರುಗೋಲಿನ ಮೇಲಿಟ್ಟು, ಜಿಂಕೆ ಅಡ್ಡ ನಿಂತಾಗ ಮುಂಗಾಲಿನ ಹಿಂದೆ ಗುರಿ. ಓಡಿದರೆ ಅರ್ಧ ಗಂಟೆ ಬಿಟ್ಟೇ ರಕ್ತದ ಜಾಡು ಹಿಡಿಯಿರಿ. ಕರುಳು ತೆಗೆಯುವುದನ್ನು ಮಗು ನೋಡಲೇಬೇಕೆಂದು ಒತ್ತಾಯಿಸಬೇಡಿ.

ಹತ್ತು ವರ್ಷದೊಳಗಿನವರಿಗೆ ಅಳಿಲೇ ಸರಿ. 50 ಗಜದಲ್ಲಿ ಊಟದ ತಟ್ಟೆಗೆ ಐದಕ್ಕೆ ಐದೂ ಈಡು ಬೀಳುವವರೆಗೆ ಜಿಂಕೆ ಕಾಯಲಿ.