ಟಿಳಕವಾಡಿಯ ಹಳೆ ಪುಸ್ತಕದ ಅಂಗಡಿ: ಒಳಗಿನ ಕಪಾಟು ತಪ್ಪದೇ ನೋಡಿ

ಬೆಳಗಾವಿಯಲ್ಲಿ ಇತಿಹಾಸ ಓದುವವರು ಟಿಳಕವಾಡಿಯ ಈ ಸಣ್ಣ ಅಂಗಡಿಗೆ ಹೋಗಲೇಬೇಕು. ಮುಂದೆ ಇಟ್ಟಿರುವ ಪರೀಕ್ಷೆ ಗೈಡುಗಳು ಎಲ್ಲ ಕಡೆ ಸಿಗುತ್ತವೆ ಬಿಡಿ, ಒಳಗಿನ ಕಪಾಟೇ ಇಲ್ಲಿನ ಆಸ್ತಿ.

ನನಗೆ ಸಿಕ್ಕಿದ್ದು ಎಚ್. ಬಿ. ಮೋರ್ಸ್ ಎಂಬ ಅಮೆರಿಕನ್ನನ ಜೀವನಚರಿತ್ರೆ. ಈತ 1874ರಲ್ಲಿ ಹಾರ್ವರ್ಡ್ ಮುಗಿಸಿ ನೇರವಾಗಿ ಚೀನಾದ ಕಸ್ಟಮ್ಸ್ ಇಲಾಖೆ ಸೇರಿ ಮೂರು ದಶಕಕ್ಕೂ ಜಾಸ್ತಿ ಅಲ್ಲೇ ದುಡಿದ. ಸಂಬಳ ಕೊಡುತ್ತಿದ್ದದ್ದು ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ರಾಜವಂಶದ ಸರ್ಕಾರ, ಇಲಾಖೆಯ ಮುಖ್ಯಸ್ಥ ಮಾತ್ರ ಐರ್ಲೆಂಡಿನ ರಾಬರ್ಟ್ ಹಾರ್ಟ್! ಸುಮ್ನೆ ಸುಂಕ ವಸೂಲಿ ಅಷ್ಟೇ ಅಲ್ಲ, ಕರಾವಳಿಯ ದೀಪಸ್ತಂಭಗಳನ್ನು ನೋಡಿಕೊಳ್ಳುವುದು, 1896ರಿಂದ ಅಂಚೆ ನಡೆಸುವುದು, ಎಲ್ಲವೂ ಈ ಇಲಾಖೆಯ ಕೆಲಸವೇ. 1895ರಲ್ಲಿ ತೈವಾನ್ ಜಪಾನಿನ ಪಾಲಾದಾಗ ಮೋರ್ಸ್ ಅಲ್ಲಿನ ತಮ್ಸುಯಿ ಬಂದರಿನಲ್ಲೇ ಇದ್ದ. ಒಂದು ಸರ್ಕಾರ ಹೋಗಿ ಇನ್ನೊಂದು ಬರುವುದನ್ನು ಸುಂಕದ ಕಚೇರಿಯಲ್ಲಿ ಕುಳಿತು ನೋಡುವುದು ಎಂಥ ಅನುಭವ ಅಲ್ವಾ?

ಬೆಲೆ ನ್ಯಾಯವಾಗಿದೆ. ಅಂಗಡಿಯ ಕಾಕಾ ಆರಾಮಾಗಿ ಕುಳಿತು ಓದಲು ಬಿಡುತ್ತಾರೆ. ಬೆಳಕು ಕಡಿಮೆ, ಧೂಳು ಜಾಸ್ತಿ, ಬೆಳಿಗ್ಗೆಯೇ ಹೋಗಿ.